ಮುಚ್ಚಿದ ಗಾಯ, ಮಾಯದ ಗಾಯ

ಕೇಳುಗರಿಗೆ ನಮಸ್ಕಾರ.

ನಡುರಾತ್ರಿ ಮಾಡಿನ ಮೇಲೆ ಎರಡು ಬೆಕ್ಕುಗಳು ಎದುರುಬದುರು ನಿಂತು ರಾಗ ಎಳೆಯುವುದನ್ನು ನೀವು ಕೇಳಿಯೇ ಇರುತ್ತೀರಿ. ಮೊದಲು ಎಳೆಗೂಸು ಅತ್ತಂತೆ ಒಂದು ದನಿ, ಅದಕ್ಕೆ ಇನ್ನೂ ಆಳದಿಂದ ಒಂದು ಮರುದನಿ, ಆಮೇಲೆ ಧಡಬಡ ಸದ್ದು, ಆಮೇಲೆ ಏನೂ ಇಲ್ಲ. ನಾವು ಮಗ್ಗುಲು ಬದಲಿಸಿ ಮಲಗುತ್ತೇವೆ. ಬೆಳಿಗ್ಗೆ ನಮ್ಮ ಬೆಕ್ಕು ಬಾಗಿಲ ಬಳಿ ಕುಳಿತಿರುತ್ತದೆ. ಮೂಗಿನ ಮೇಲೆ ಒಂದು ಗೀರು, ಕಿವಿಯಂಚಿನಲ್ಲಿ ಒಣಗಿದ ರಕ್ತದ ಚುಕ್ಕೆ. ಅಷ್ಟೇ ತಾನೆ ಎಂದುಕೊಳ್ಳುತ್ತೇವೆ.

ನಾನೂ ಹಾಗೆಯೇ ಅಂದುಕೊಂಡವಳು. ನಮ್ಮ ಬೂದುಬಣ್ಣದ ಗಂಡುಬೆಕ್ಕಿನ ಮೂಗು ಒರೆಸಿ, ಜಗಳಗಂಟ ಎಂದು ಬೈದು, ನನ್ನ ಕೆಲಸಕ್ಕೆ ಹೋದೆ. ಎರಡನೆಯ ದಿನ ಅದು ತಟ್ಟೆ ಮೂಸಿ ಹಿಂದೆ ಸರಿಯಿತು. ಮೂರನೆಯ ದಿನ ಕಪಾಟಿನ ಕೆಳಗೆ ಸೇರಿಕೊಂಡಿತು. ಎಳೆದುಕೊಳ್ಳಲು ಹೋದಾಗ ಕೈ ಬಾಲದ ಬುಡಕ್ಕೆ ತಗುಲಿತು ನೋಡಿ, ಎಂದೂ ಯಾರಿಗೂ ಹಲ್ಲು ತಾಗಿಸದ ಪ್ರಾಣಿ ತಿರುಗಿ ನನ್ನ ಹೆಬ್ಬೆರಳು ಕಚ್ಚಿತು. ರೋಮ ಸರಿಸಿ ನೋಡಿದರೆ ಸಾಸಿವೆ ಕಾಳಿನಷ್ಟು ಒಂದು ಹಕ್ಕಳೆ. ಅದರ ಸುತ್ತ ಅಂಗೈಯಗಲ ಚರ್ಮ ಕಾದು, ಬಿಗಿದು, ಮುಟ್ಟಿದರೆ ಒಳಗೇನೋ ತುಳುಕುತ್ತಿತ್ತು. ಮೂಗಿನ ಗೀರು ಆ ಹೊತ್ತಿಗೆ ಮಾಯ್ದೇ ಹೋಗಿತ್ತು. ಮೂರು ದಿನ ನಾನು ಬೇರೆ ಗಾಯವನ್ನೇ ನೋಡುತ್ತ ಕುಳಿತಿದ್ದೆ.

ಕನ್ನಡದಲ್ಲಿ ಗಾಯ ಮುಚ್ಚುವುದು ಬೇರೆ, ಗಾಯ ಮಾಯುವುದು ಬೇರೆ. ಬೆಕ್ಕಿನ ಕಡಿತದಲ್ಲಿ ಈ ವ್ಯತ್ಯಾಸವೇ ಎಲ್ಲ. ಬೆಕ್ಕಿನ ಕೋರೆಹಲ್ಲು ನಾಯಿಯದರಂತೆ ಹರಿಯುವುದಿಲ್ಲ. ಸೂಜಿಯಂತೆ ನೆಟ್ಟಗೆ ಇಳಿದು ಹೊರಗೆ ಬರುತ್ತದೆ. ರಂಧ್ರ ಚಿಕ್ಕದು, ಆದರೆ ಆಳ. ಬಾಯಿಯಲ್ಲಿರುವ ಪಾಸ್ಚುರೆಲ್ಲಾದಂಥ ರೋಗಾಣುಗಳು ಆ ಹಲ್ಲಿನ ಜೊತೆಗೇ ಒಳಗೆ ಇಳಿಯುತ್ತವೆ. ಒಂದು ಬೆಕ್ಕು ಇನ್ನೊಂದಕ್ಕೆ ನಂಜಿನ ಇಂಜೆಕ್ಷನ್ ಕೊಟ್ಟಂತೆಯೇ ಸರಿ. ಹೊರಗಿನ ತೊಗಲು ಒಂದು ದಿನದೊಳಗೇ ಕೂಡಿಕೊಂಡುಬಿಡುತ್ತದೆ. ಬೆಕ್ಕಿನ ಚರ್ಮ ಸಡಿಲ, ಒಳಗೆ ಹರಡಿಕೊಳ್ಳಲು ಜಾಗ ಧಾರಾಳ. ಎರಡರಿಂದ ನಾಲ್ಕು ದಿನಗಳಲ್ಲಿ ಅಲ್ಲಿ ಕೀವು ತುಂಬಿ ಬಾವು ಏಳುತ್ತದೆ.

ಆದ್ದರಿಂದ ಜಗಳದ ಮರುದಿನ ಬೆಳಿಗ್ಗೆ ಬೆಕ್ಕನ್ನು ಕಣ್ಣಿನಿಂದಲ್ಲ, ಬೆರಳಿನಿಂದ ನೋಡಬೇಕು. ತೊಡೆಯ ಮೇಲೆ ಕೂರಿಸಿಕೊಂಡು, ಮುದ್ದು ಮಾಡುವ ನೆಪದಲ್ಲಿ, ರೋಮ ಬೆಳೆದಿರುವ ದಿಕ್ಕಿಗೆ ವಿರುದ್ಧವಾಗಿ ಬೆರಳಾಡಿಸಿ. ಎದುರು ನಿಂತು ಹೋರಾಡಿದ ಬೆಕ್ಕಿಗೆ ತಲೆ, ಕುತ್ತಿಗೆ, ಮುಂಗಾಲುಗಳಲ್ಲಿ ಕಡಿತ ಬಿದ್ದಿರುತ್ತದೆ. ಬೆನ್ನು ಕೊಟ್ಟು ಓಡಿದ್ದಕ್ಕೆ ಹಿಂಗಾಲಿನಲ್ಲಿ ಅಥವಾ ಬಾಲದ ಬುಡದಲ್ಲಿ. ನಮ್ಮ ಜಗಳಗಂಟನ ಗಾಯ ಎಲ್ಲಿತ್ತು ಎಂಬುದನ್ನು ಆಗಲೇ ಹೇಳಿದ್ದೇನೆ. ಅವನ ಮಾನ ಕಾಯುವ ಸಲುವಾಗಿ ಅದರ ಅರ್ಥ ಬಿಡಿಸಿ ಹೇಳುವುದಿಲ್ಲ. ಒಂದು ರಂಧ್ರ ಸಿಕ್ಕಿದರೆ ಹುಡುಕಾಟ ನಿಲ್ಲಿಸಬೇಡಿ. ಕೋರೆಹಲ್ಲುಗಳು ಜೋಡಿ, ಪಕ್ಕದಲ್ಲೇ ಇನ್ನೊಂದು ಇರಬಹುದು.

ಕಡಿತ ಸಿಕ್ಕಿದ ದಿನವೇ ಪಶುವೈದ್ಯರ ಬಳಿಗೆ ಹೋಗಿ. ಮೊದಲ 24 ಗಂಟೆಗಳೊಳಗೆ ಆ್ಯಂಟಿಬಯೋಟಿಕ್ ಶುರುವಾದರೆ ಅನೇಕ ಬಾರಿ ಬಾವು ಏಳುವುದೇ ಇಲ್ಲ. ಇಷ್ಟು ಚಿಕ್ಕ ಗಾಯಕ್ಕೆ ಡಾಕ್ಟರೇ ಎಂಬ ಸಂಕೋಚ ಬೇಡ. ಬಾವು ಎದ್ದ ಮೇಲೆ ಮಾತ್ರೆಯೊಂದೇ ಸಾಲದು. ಮಂಪರು ಕೊಟ್ಟು, ರೋಮ ಬೋಳಿಸಿ, ಕೊಯ್ದು ಕೀವು ಬಸಿಯಬೇಕಾಗುತ್ತದೆ. ಆಗಿನ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಬೇಗ ಮರೆಯುವಂಥದ್ದಲ್ಲ.

ಹೋಗುವುದಕ್ಕೆ ಮುಂಚೆ ಮನೆಯಲ್ಲಿ ಮಾಡಬೇಕಾದದ್ದು ತೀರಾ ಕಡಿಮೆ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು ಕರಗಿಸಿ, ಶುದ್ಧ ಬಟ್ಟೆ ಅದ್ದಿ ಮೆತ್ತಗೆ ಒರೆಸಿ. ರಕ್ತ ಹರಿಯುತ್ತಿದ್ದರೆ ಮಡಚಿದ ಬಟ್ಟೆಯನ್ನು ಐದು ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಬೇಡಿ. ಬೆಕ್ಕು ಬಿಡದಿದ್ದರೆ ಟವೆಲಿನಲ್ಲಿ ಸುತ್ತಿ ತಲೆಯೊಂದನ್ನೇ ಹೊರಗೆ ಬಿಡಿ. ಅದು ಗುರುಗುರು ಎನ್ನುತ್ತಿದೆ, ನೋವಿಲ್ಲ ಎಂದು ಮೋಸ ಹೋಗಬೇಡಿ. ಬೆಕ್ಕು ನೋವಿನಲ್ಲೂ ಗುರುಗುಟ್ಟುತ್ತದೆ.

ಮಾಡಬಾರದ್ದೇ ಹೆಚ್ಚು, ಆ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತನಾಡುತ್ತೇನೆ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ನಮಗೆ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದುಗಟ್ಟುತ್ತದೆ. ಒಂದೇ ಒಂದು ಮಾತ್ರೆ ಜೀವ ತೆಗೆಯಬಲ್ಲದು. ಐಬುಪ್ರೊಫೆನ್ ಕೂಡ ಅದೇ ಪಟ್ಟಿಗೆ ಸೇರಿದ್ದು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಗಾಯದ ಎಳೆ ಮಾಂಸವನ್ನೇ ಸುಡುತ್ತವೆ. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಫೀನಾಲ್ ಜಾತಿಯ ಕ್ರಿಮಿನಾಶಕಗಳೂ ಬೇಡ, ಟೀ ಟ್ರೀ ಎಣ್ಣೆಯೂ ಬೇಡ. ಬೆಕ್ಕಿಗೆ ಏನು ಹಚ್ಚಿದರೂ ಅದು ಹೊಟ್ಟೆಗೆ ಹೋಗುತ್ತದೆ, ಏಕೆಂದರೆ ಅದು ನೆಕ್ಕುತ್ತದೆ. ಬಾವನ್ನು ಹಿಸುಕುವುದೂ ಬೇಡ. ಕೀವು ಹೊರಗೆ ಬರುವ ಬದಲು ಇನ್ನಷ್ಟು ಒಳಗೆ ನುಗ್ಗಬಹುದು.

ಕಣ್ಣನ್ನು ಅರ್ಧ ಮುಚ್ಚಿಕೊಂಡು ನೀರು ಸುರಿಸುತ್ತಿದ್ದರೆ ಸಂಜೆಯವರೆಗೂ ಕಾಯಬೇಡಿ. ಉಗುರು ಕಣ್ಣುಗುಡ್ಡೆಯನ್ನು ಗೀರಿರಬಹುದು. ಎದೆಗೆ ಕಡಿತ ಬಿದ್ದು ಉಸಿರಾಟ ವೇಗವಾಗಿದ್ದರೂ ಅಷ್ಟೆ. ನಿದ್ದೆಯಲ್ಲಿರುವ ಬೆಕ್ಕು ನಿಮಿಷಕ್ಕೆ 30ಕ್ಕಿಂತ ಹೆಚ್ಚು ಬಾರಿ ಉಸಿರಾಡಬಾರದು. ಅದರ ಮೈಯ ಸಹಜ ತಾಪವೇ 38ರಿಂದ 39 ಡಿಗ್ರಿ ಸೆಲ್ಸಿಯಸ್, ಹಾಗಾಗಿ ಕಿವಿ ಬೆಚ್ಚಗಿದೆ ಎಂದು ಜ್ವರ ಲೆಕ್ಕ ಹಾಕಬೇಡಿ.

ವೈದ್ಯರಿಂದ ಬಂದ ಮೇಲಿನ ವಾರವೇ ಕಷ್ಟದ್ದು. ಕೀವು ಬಸಿದ ಗಾಯವನ್ನು ಹಲವು ಬಾರಿ ಹೊಲಿಯದೆ ತೆರೆದೇ ಬಿಡುತ್ತಾರೆ. ನೋಡಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಅದು ಹಾಗೆಯೇ ಇರಬೇಕು: ತಳದಿಂದ ಮಾಂಸ ತುಂಬುತ್ತ ಬಂದು, ತೊಗಲು ಕೊನೆಗೆ ಕೂಡಬೇಕು. ವೈದ್ಯರು ಹೇಳಿದ್ದರೆ, ಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ದಿನಕ್ಕೆ ಎರಡು ಮೂರು ಬಾರಿ ಐದೈದು ನಿಮಿಷ ಇಡಿ. ಹಕ್ಕಳೆ ಮೆತ್ತಗಾಗಿ ಉಳಿದ ಕೀವು ಇಳಿಯುತ್ತದೆ. ಕೊರಳಿಗೆ ಕಟ್ಟುವ ಶಂಕುವಿನಾಕಾರದ ಪಟ್ಟಿಯನ್ನು ಪಾಪ ಎಂದು ಬಿಚ್ಚಬೇಡಿ. ನಮ್ಮದು ಎರಡು ದಿನ ಬಾಗಿಲುಗಳಿಗೆಲ್ಲ ಡಿಕ್ಕಿ ಹೊಡೆದು, ಮೂರನೆಯ ದಿನ ಆ ಪಟ್ಟಿಯನ್ನೇ ದಿಂಬು ಮಾಡಿಕೊಂಡು ಮಲಗಿತು. ಮಾತ್ರೆ ಮಾತ್ರ ಐದನೆಯ ದಿನವೂ ನೆಲದ ಮೂಲೆಯಲ್ಲಿ ಸಿಗುತ್ತಿತ್ತು. ಆಮೇಲೆ ವೈದ್ಯರು ಅದೇ ಔಷಧವನ್ನು ದ್ರವರೂಪದಲ್ಲಿ ಬರೆದುಕೊಟ್ಟರು. ಗಾಯ ಚೆನ್ನಾಗಿ ಕಂಡಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ.

ಊಟದ ಮೇಲೆ ಕಣ್ಣಿಡಿ. ಬೆಕ್ಕಿಗೆ ಉಪವಾಸ ಒಗ್ಗುವುದಿಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಮೈಯ ಕೊಬ್ಬೆಲ್ಲ ಯಕೃತ್ತಿಗೆ ಹೋಗಿ ತುಂಬುತ್ತದೆ. ಆ ಕಾಯಿಲೆ ಗಾಯಕ್ಕಿಂತ ಅಪಾಯದ್ದು. ಆಹಾರವನ್ನು ತುಸು ಬೆಚ್ಚಗೆ ಮಾಡಿ ಕೊಡಿ, ವಾಸನೆಗೆ ಮನಸ್ಸು ಬಂದೀತು.

ನನ್ನ ಹೆಬ್ಬೆರಳಿನ ಕಥೆಯನ್ನೂ ಮುಗಿಸುತ್ತೇನೆ. ಸೋಪು ಹಚ್ಚಿ ಹರಿಯುವ ನೀರಿನ ಕೆಳಗೆ 15 ನಿಮಿಷ ತೊಳೆದು ನೇರ ಡಾಕ್ಟರ ಬಳಿಗೆ ಹೋದೆ. ಆ ಸೂಜಿಹಲ್ಲು ನಮ್ಮ ಕೈಗೂ ಅದೇ ನಂಜನ್ನು ಇಳಿಸುತ್ತದೆ. ಎದುರಾಳಿ ಬೆಕ್ಕು ಯಾರದೋ ಏನೋ, ಲಸಿಕೆ ಆಗಿತ್ತೋ ಇಲ್ಲವೋ. ರೇಬೀಸ್ ಮುಖ್ಯವಾಗಿ ಕಡಿತದಿಂದ ಹರಡುತ್ತದೆ. ಹಾಗಾಗಿ ಬೆಕ್ಕಿನ ಲಸಿಕೆಯ ಚೀಟಿಯನ್ನು ಪಶುವೈದ್ಯರಿಗೂ ನನ್ನ ಡಾಕ್ಟರಿಗೂ ತೋರಿಸಿದೆ.

ಇನ್ನೊಂದು ಕಾಯಿಲೆಯೂ ಇದೇ ದಾರಿಯಲ್ಲಿ ಬರುತ್ತದೆ. ಎಫ್‌ಐವಿ ಎಂಬ ವೈರಾಣು 1986ರಲ್ಲಿ ಕ್ಯಾಲಿಫೋರ್ನಿಯಾದ ಬೆಕ್ಕುಗಳಲ್ಲಿ ಮೊದಲು ಪತ್ತೆಯಾಯಿತು. ರೋಗನಿರೋಧಕ ಶಕ್ತಿಯನ್ನು ನಿಧಾನವಾಗಿ ಕುಗ್ಗಿಸುವ ಅದು ಮುಖ್ಯವಾಗಿ ಆಳವಾದ ಕಡಿತದಿಂದ ಹರಡುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ. ಜಗಳವಾದ ಕೂಡಲೇ ಪರೀಕ್ಷೆ ಮಾಡಿಸಿದರೆ ತಿಳಿಯುವುದಿಲ್ಲ, ಸುಮಾರು 60 ದಿನ ಕಳೆಯಬೇಕು. ನಾವು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಾದೆವು. ಸೋಂಕಿರಲಿಲ್ಲ. ಅದೇ ಭೇಟಿಯಲ್ಲಿ ಸಂತಾನಹರಣ ಚಿಕಿತ್ಸೆಗೂ ದಿನ ಗೊತ್ತು ಮಾಡಿ ಬಂದೆವು. ಗಂಡುಬೆಕ್ಕಿನ ಅಲೆದಾಟವೂ ಕಾದಾಟವೂ ಅದರಿಂದ ಬಹಳ ಕಡಿಮೆಯಾಗುತ್ತವೆ.

ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಒಂದು ಮಾತು. ಆಸ್ಪತ್ರೆಯ ವಾಸನೆ ಹೊತ್ತು ಬಂದ ಒಡನಾಡಿಯನ್ನು ಅದು ಗುರುತಿಸದೆ ಬುಸುಗುಟ್ಟಬಹುದು. ನಮ್ಮ ಹೆಣ್ಣುಬೆಕ್ಕು ಬೆನ್ನು ಬಿಲ್ಲಾಗಿಸಿ ಬಾಗಿಲಿಗೆ ಅಡ್ಡ ನಿಂತಿತ್ತು. ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಇರಿಸಿ, ಹಾಸಿಗೆಬಟ್ಟೆಗಳನ್ನು ಅದಲುಬದಲು ಮಾಡಿದೆವು. ನಾಲ್ಕನೆಯ ದಿನ ಅದು ಶಂಕುಪಟ್ಟಿಯೊಳಗೆ ತಲೆ ತೂರಿಸಿ, ಅವನ ಕಿವಿ ನೆಕ್ಕುತ್ತ ಕುಳಿತಿತ್ತು.

ನಮಸ್ಕಾರ.