ಮೊದಲು ನಂಬರ್ ಕೇಳಿ

ಕೇಳುಗರೇ, ನಮಸ್ಕಾರ. ಮಗು ಓದುತ್ತಿಲ್ಲ ಅಂತಲೋ, ಮನೆಯಲ್ಲಿ ಯಾರಿಗೋ ನಿದ್ದೆ ಬರುತ್ತಿಲ್ಲ, ಸುಮ್ನೆ ಕೂತು ಅಳುತ್ತಾರೆ ಅಂತಲೋ ನೀವು ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮನಸ್ಸಿನ ತೊಂದರೆಗಳಿಗೆ ಪರೀಕ್ಷೆ, ಥೆರಪಿ ಮಾಡುವ ನನ್ನಂಥವರ ಹತ್ತಿರ ಹೋಗುತ್ತೀರಿ. ಹೋದಾಗ ಮೊದಲು ಒಂದು ಪ್ರಶ್ನೆ ಕೇಳಿ. ‘ನಿಮ್ಮ ಆರ್‌ಸಿಐ ನೋಂದಣಿ ಸಂಖ್ಯೆ ಎಷ್ಟು?’ ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇಷ್ಟೇ.

ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು. ಅದಕ್ಕೆ 1992ರ ಕಾಯ್ದೆಯ ಬಲವಿದೆ. ಅಲ್ಲಿ ಹೆಸರು ನೋಂದಾಯಿಸದೆ ಈ ಕೆಲಸ ಮಾಡುವ ಹಾಗಿಲ್ಲ. ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಸಾವಿರ ರೂಪಾಯಿಗೆ ಈಗ ಯಾರು ಹೆದರುತ್ತಾರೆ, ಹೇಳಿ? ಅದಕ್ಕೇ ನೀವೇ ಬಾಯಿಬಿಟ್ಟು ಕೇಳಿ ಅನ್ನುವುದು.

‘ಎಂಎ ಸೈಕಾಲಜಿ ಮಾಡಿದ್ದಾರಲ್ಲ, ಸಾಲದಾ?’ ಅಂತ ಬಹಳ ಜನ ಕೇಳುತ್ತಾರೆ. ಸಾಲದು. ಅದಾದ ಮೇಲೆ ಆಸ್ಪತ್ರೆಯಲ್ಲಿದ್ದು, ಹಿರಿಯರ ಕಣ್ಣೆದುರಿಗೇ ರೋಗಿಗಳನ್ನು ನೋಡಿ ಕಲಿಯಬೇಕು. ನಮ್ಮ ಬೆಂಗಳೂರಿನಲ್ಲಿ ಇಂಥ ತರಬೇತಿ 1955ರಲ್ಲೇ ಶುರುವಾಗಿತ್ತು. ಆಗ ನಿಮ್ಹಾನ್ಸ್ ಅನ್ನುವ ಹೆಸರೂ ಇರಲಿಲ್ಲ, ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅನ್ನುತ್ತಿದ್ದರು.

ಹಿರಿಯರು ಜೊತೆಗಿದ್ದರೆ ಏನು ಬದಲಾಗುತ್ತದೆ? ನನ್ನ ಹತ್ತಿರ ತರಬೇತಿಯಲ್ಲಿದ್ದ ಒಬ್ಬ ಹುಡುಗಿ, ಬಹಳ ಚುರುಕು, ಎಂಟು ವರ್ಷದ ಹುಡುಗನೊಬ್ಬನ ವರದಿ ತಂದಳು. ಶಾಲೆಯವರು ‘ಇವನಿಗೆ ಬುದ್ಧಿ ಕಮ್ಮಿ, ಟೆಸ್ಟ್ ಮಾಡಿಸಿ’ ಅಂತ ಕಳಿಸಿದ್ದರು. ಅವಳು ಎಲ್ಲವನ್ನೂ ಹೇಳಿಕೊಟ್ಟ ಹಾಗೇ ಮಾಡಿ, ಐಕ್ಯೂ ಲೆಕ್ಕ ಹಾಕಿ, ಬುದ್ಧಿಮಾಂದ್ಯತೆ ಅಂತ ಬರೆದು ಸಹಿಗೆ ಇಟ್ಟಳು. ನಾನು ಅಂಕಗಳ ಹಾಳೆ ತೋರಿಸು ಅಂದೆ. ಸೆಗ್ವಿನ್ ಫಾರ್ಮ್ ಬೋರ್ಡ್ ಅಂತ ಒಂದಿದೆ. ಮರದ ಹಲಗೆ, ಅದರಲ್ಲಿ ಗುಂಡಗೆ, ಚೌಕ, ನಕ್ಷತ್ರ ಅಂತ ಹತ್ತು ಆಕಾರದ ಕುಳಿಗಳು, ಹತ್ತು ತುಂಡುಗಳು, ಯಾವುದು ಎಲ್ಲಿ ಕೂರುತ್ತದೋ ಅಲ್ಲಿಗೆ ಮಗು ಬೇಗ ಬೇಗ ಹಾಕಬೇಕು, ನಾವು ಸ್ಟಾಪ್‌ವಾಚ್ ಹಿಡಿದು ಕೂತಿರುತ್ತೇವೆ. ಅದನ್ನು ಈ ಹುಡುಗ ತನ್ನ ವಯಸ್ಸಿಗೆ ತಕ್ಕ ಹಾಗೆ ಮುಗಿಸಿದ್ದ. ಬಾಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಮಾತ್ರ ಅಂಕವೇ ಇಲ್ಲ.

‘ನೀನು ಪ್ರಶ್ನೆ ಕೇಳುವಾಗ ಅವನು ಎಲ್ಲಿ ನೋಡುತ್ತಿದ್ದ?’ ಅಂದೆ.

ಸ್ವಲ್ಪ ಹೊತ್ತು ಯೋಚಿಸಿ, ‘ನನ್ನ ಬಾಯಿ ಕಡೆಗೇ ಮೇಡಂ. ನಾನು ತಲೆ ತಗ್ಗಿಸಿ ಬರೆಯುತ್ತ ಕೇಳಿದರೆ ಉತ್ತರವೇ ಕೊಡುತ್ತಿರಲಿಲ್ಲ’ ಅಂದಳು. ಹೇಳುತ್ತಿದ್ದ ಹಾಗೇ ಅವಳಿಗೂ ಹೊಳೆಯಿತು. ಕಿವಿ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿ ಮಂದ. ಶ್ರವಣ ಸಾಧನ ಹಾಕಿಸಿ, ಆಮೇಲೆ ಮತ್ತೆ ಟೆಸ್ಟ್ ಮಾಡಿ, ಹೊಸದಾಗಿ ವರದಿ ಬರೆದೆವು. ಆ ಮೊದಲ ಹಾಳೆಗೆ ಸಹಿ ಬಿದ್ದಿದ್ದರೆ ಆ ಮಗುವಿನ ಶಾಲೆ, ಓದು ಎಲ್ಲ ಬೇರೆ ದಾರಿ ಹಿಡಿಯುತ್ತಿತ್ತು. ಹುಡುಗಿಯ ತಪ್ಪೇನಿಲ್ಲ, ಅವಳು ಕಲಿಯುತ್ತಿದ್ದಳು, ಕೇಳುವವರು ಪಕ್ಕದಲ್ಲಿದ್ದರು. ನಾಲ್ಕು ದಿನದ ಆನ್‌ಲೈನ್ ಸರ್ಟಿಫಿಕೇಟ್ ಗೋಡೆಗೆ ನೇತುಹಾಕಿ ಅಂಗಡಿ ತೆರೆದವರಿಗೆ ಈ ಪ್ರಶ್ನೆಯನ್ನು ಯಾರು ಕೇಳಿರುತ್ತಾರೆ? ನೋಂದಣಿ ಸಂಖ್ಯೆ ಇದೆ ಅಂದರೆ, ಅವರ ಪಕ್ಕದಲ್ಲಿ ಯಾರೋ ಕೂತು ಹೀಗೆ ಪ್ರಶ್ನೆ ಕೇಳಿದ್ದಾರೆ ಅಂತ ಅರ್ಥ.

ಸಮಯ ಜಾಸ್ತಿ ಇಲ್ಲ, ಉಳಿದದ್ದು ಬೇಗ ಹೇಳುತ್ತೇನೆ. ಮಾತ್ರೆ ಬರೆಯುವವರು ಮನೋವೈದ್ಯರು, ಅವರು ಎಂಬಿಬಿಎಸ್ ಓದಿದವರು. ನಾವು ಮಾತ್ರೆ ಬರೆಯುವುದಿಲ್ಲ, ಪರೀಕ್ಷೆ ಮತ್ತು ಥೆರಪಿ ನಮ್ಮ ಕೆಲಸ. ಇನ್ನು ಎಂ.ಫಿಲ್ ವಿಷಯ. ಆಗ ಹೇಳಿದ ಆಸ್ಪತ್ರೆಯ ತರಬೇತಿಗೆ ಕೊಡುತ್ತಿದ್ದ ಪದವಿ ಅದು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2022ರಲ್ಲಿ ಎಂ.ಫಿಲ್ ತೆಗೆದುಹಾಕಿತು, ನಮ್ಮ ಕೋರ್ಸಿಗೆ 2025-26ರ ತನಕ ಅವಕಾಶ ಕೊಟ್ಟಿತು. ಪದವಿಯ ಹೆಸರು ಏನಾದರೂ ಆಗಲಿ, ನೀವು ನಂಬರ್ ಕೇಳಿ.

ಕೊಟ್ಟ ನಂಬರನ್ನು ಪರಿಷತ್ತಿನ ವೆಬ್‌ಸೈಟಿನಲ್ಲಿ ಹುಡುಕಿ, ಮನೆಯಲ್ಲಿ ಮಕ್ಕಳಿಗೆ ಹೇಳಿದರೆ ಮೊಬೈಲಿನಲ್ಲೇ ತೆಗೆದುಕೊಡುತ್ತಾರೆ. ಹೆಸರಿನ ಮುಂದೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತಲೇ ಇದೆಯಾ ನೋಡಿ, ಯಾಕೆಂದರೆ ಅದೇ ಪಟ್ಟಿಯಲ್ಲಿ ವಿಶೇಷ ಶಿಕ್ಷಕರು, ಶ್ರವಣತಜ್ಞರೂ ಇರುತ್ತಾರೆ. ನೋಂದಣಿಯನ್ನು ಆಗಾಗ ನವೀಕರಿಸಬೇಕು, ಅವಧಿ ಮುಗಿದಿಲ್ಲ ತಾನೇ ಅಂತಲೂ ನೋಡಿಕೊಳ್ಳಿ. ನಮಸ್ಕಾರ.