ಗಿರಾಕಿ ಇಲ್ಲದ ಕಟಿಂಗ್ ಶಾಪ್

ನಮಸ್ಕಾರ ರೀ ಎಲ್ರಿಗೂ. ಹಿಂದೆ ಗುಳುಗುಳು ಅಂತ ಕೇಳ್ತಿದೆಯಲ್ಲ, ಅದು ನಮ್ಮನೆ ಪಡಸಾಲೆಯಲ್ಲಿರೋ ಕಡಲು. ಮೈಕ್ ಎಷ್ಟು ದೂರ ಇಟ್ರೂ ಆ ಸದ್ದು ಬಿಡಲ್ಲ. ಅದಕ್ಕೆ ಇವತ್ತು ಟ್ಯಾಂಕ್ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಮಾತಾಡ್ತಿದೀನಿ.

ಸ್ಕ್ರೀನಿನ ಎಡಗಡೆ ಮೂಲೆ ನೋಡ್ರಿ. ಕಿರುಬೆರಳಿನಷ್ಟು ಉದ್ದದ ಮೀನು. ಮೂತಿ ತುದಿಯಲ್ಲಿ ಒಂದು ಕಪ್ಪು ಗೆರೆ ಶುರುವಾಗಿ, ಕಣ್ಣನ್ನ ದಾಟಿ, ಬಾಲದ ಕಡೆ ಹೋಗ್ತಾ ಹೋಗ್ತಾ ಅಗಲ ಆಗುತ್ತೆ. ಮುಂದಿನ ಅರ್ಧ ಮಾಸಲು ಬಿಳಿ, ಹಿಂದಿನ ಅರ್ಧ ನೀಲಿ. ಗ್ಯಾಸ್ ಒಲೆ ಸಣ್ಣಗೆ ಉರಿಯುವಾಗ ಕಾಣುತ್ತಲ್ಲ, ಆ ನೀಲಿ. ಇದರ ಹೆಸರು ಬ್ಲೂಸ್ಟ್ರೀಕ್ ಕ್ಲೀನರ್ ರಾಸ್. ಶಾಸ್ತ್ರದ ಹೆಸರು ಲ್ಯಾಬ್ರಾಯ್ಡಿಸ್ ಡಿಮಿಡಿಯೇಟಸ್. ಕೆಂಪು ಸಮುದ್ರ, ಆಫ್ರಿಕಾದ ಪೂರ್ವ ಕರಾವಳಿಯಿಂದ ಹಿಡಿದು ಪೆಸಿಫಿಕ್‌ವರೆಗೂ ಹವಳದ ದಿಬ್ಬ ಇರೋ ಕಡೆಯೆಲ್ಲ ಇದರ ಸಂಸಾರ ಇದೆ. ನಮ್ಮ ಲಕ್ಷದ್ವೀಪ, ಅಂಡಮಾನ್‌ನಲ್ಲೂ ಇದೆ.

ಈ ಕ್ಲಿಪ್ ತೆಗೆದು ನಾಲ್ಕು ತಿಂಗಳಾಯ್ತು. ಈಗ ಈ ಮೀನು ಇಲ್ಲ. ಮೊದಲೇ ಹೇಳಿಬಿಟ್ಟೆ ನೋಡ್ರಿ. ಕೊನೆಗೆ ಪಿಟೀಲು ಹಾಕಿ ನಿಮ್ಮನ್ನ ಅಳಿಸೋ ಉದ್ದೇಶ ನನಗಿಲ್ಲ.

ದಾವಣಗೆರೆಯಲ್ಲಿ ಕಡಲ ಮೀನು ಸಾಕ್ತೀನಿ ಅಂದ್ರೆ ಜನ ಮೊದಲು ನಗ್ತಾರೆ, ಆಮೇಲೆ ಕರೆಂಟ್ ಬಿಲ್ ಎಷ್ಟು ಬರುತ್ತೆ ಅಂತ ಕೇಳ್ತಾರೆ. ನಮಗೆ ಗೊತ್ತಿರೋ ನೀರು ಅಂದ್ರೆ ತುಂಗಭದ್ರೆ, ಭದ್ರಾ ಕಾಲುವೆ, ಕುಂದವಾಡ ಕೆರೆ. ಉಪ್ಪು ನೀರು ನೋಡಬೇಕಂದ್ರೆ ಘಟ್ಟ ಇಳೀಬೇಕು. ಹಂಗಾಗಿ ಕಡಲನ್ನ ನಾನೇ ಬಚ್ಚಲುಮನೆಯಲ್ಲಿ ಕಲಸ್ತೀನಿ. ಆರ್‌ಓ ನೀರು, ಒಂದು ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ. ಅಡುಗೆ ಉಪ್ಪು ನಡೆಯಲ್ಲ, ಮಿಶ್ರಣದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸರಿ ಪ್ರಮಾಣದಲ್ಲಿ ಇರಬೇಕು. ನಂದು ನಾಲ್ಕಡಿ ಟ್ಯಾಂಕ್, ಹತ್ರ ಹತ್ರ 250 ಲೀಟರ್. ಲೆಕ್ಕ ಹಾಕ್ಕೊಳ್ರಿ, ಒಂದು ಸಲ ತುಂಬಿಸೋಕೆ ಒಂಬತ್ತು ಕೆಜಿ ಹತ್ರ ಉಪ್ಪು. ಅಮ್ಮ ಅಂತಾರೆ, "ಇಷ್ಟು ಉಪ್ಪಲ್ಲಿ ನಾನು ಹತ್ತು ವರ್ಷದ ಉಪ್ಪಿನಕಾಯಿ ಹಾಕ್ತಿದ್ದೆ."

ಬೇಸಿಗೆ ಬಂದ್ರಂತೂ ಮುಗೀತು. ನೀರು 25ರಿಂದ 27 ಡಿಗ್ರಿ ಒಳಗೆ ಇರಬೇಕು, ನಮ್ಮೂರ ಏಪ್ರಿಲ್ ಬಿಸಿಲು ಅದನ್ನ ಕೇಳುತ್ತಾ? ನೀರಿನ ಮೇಲೆ ಫ್ಯಾನ್ ಬೀಸಿದ್ರೆ ತಂಪಾಗುತ್ತೆ, ಆದ್ರೆ ನೀರು ಆವಿಯಾಗುತ್ತೆ. ಉಪ್ಪು ಆವಿಯಾಗಲ್ಲ, ಅಲ್ಲೇ ಕೂತಿರುತ್ತೆ. ಹಂಗಾಗಿ ದಿನಾ ಕಡಿಮೆಯಾದಷ್ಟು ಸಿಹಿನೀರನ್ನೇ ಸೇರಿಸಬೇಕು. ಗೊತ್ತಿಲ್ಲದೆ ನಾನು ಮೊದಲನೇ ವರ್ಷ ಉಪ್ಪುನೀರು ಸೇರಿಸ್ತಾ ಹೋಗಿದ್ದೆ. ಆ ಕತೆ ಬೇಡ ಬಿಡ್ರಿ.

ಇನ್ನೊಂದು ಮಾತು. ಟ್ಯಾಂಕಲ್ಲಿ ಹವಳ ಯಾಕಿಲ್ಲ ಅಂತ ತುಂಬಾ ಜನ ಕೇಳ್ತೀರಿ. ನಮ್ಮ ದೇಶದಲ್ಲಿ ಕಲ್ಲು ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, 2001ರಲ್ಲಿ ಅದನ್ನ ಮೊದಲನೇ ಪಟ್ಟಿಗೆ ಸೇರಿಸಿದ್ರು. ಸಮುದ್ರದಿಂದ ಕಿತ್ತು ತರೋ ಹಂಗಿಲ್ಲ. ನನ್ನ ಟ್ಯಾಂಕಲ್ಲಿರೋದು ಒಣ ಕಲ್ಲು, ಅಷ್ಟೇ.

ಸರಿ, ಮೀನಿಗೆ ಬರೋಣ. ಆಗ ಟ್ಯಾಂಕಲ್ಲಿ ನಾಲ್ಕು ಜನ ಇದ್ರು. ಎರಡು ಜೋಕರ್ ಮೀನು, ಒಂದು ಡ್ಯಾಮ್ಸೆಲ್, ಒಂದು ಗೋಬಿ. ಮಂಚೂರಿ ಗೋಬಿ ಅಲ್ಲ ರೀ, ಮೀನು. ಜೋಕರ್ ಮೈಮೇಲೆ ರವೆ ಉದುರಿಸಿದಂಗೆ ಬಿಳಿ ಚುಕ್ಕೆ ಕಾಣಿಸ್ತು. ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ಕೇಳಿದೆ. ಹುಡುಗ ಈ ಮೀನು ತೋರಿಸಿ, "ಸರ್, ಇದನ್ನ ಬಿಡಿ, ಎಲ್ಲಾ ಕ್ಲೀನ್ ಮಾಡ್ಬಿಡುತ್ತೆ" ಅಂದ. ಎಂಟುನೂರು ರೂಪಾಯಿ. ನಾನೂ ಹೆಸರಲ್ಲೇ ಕ್ಲೀನರ್ ಇದೆಯಲ್ಲ ಅಂತ, ಒಂದಕ್ಷರ ಓದದೆ, ಥರ್ಮಾಕೋಲ್ ಡಬ್ಬಿ ತೊಡೆ ಮೇಲಿಟ್ಕೊಂಡು ಟ್ರೈನ್ ಹತ್ತಿದೆ. ಬಿಳಿ ಚುಕ್ಕೆ ರೋಗ ತರೋದು ಚರ್ಮದೊಳಗೆ ಹೊಕ್ಕು ಕೂರೋ ಏಕಕೋಶ ಜೀವಿ. ಅದನ್ನ ಇದು ಹೆಕ್ಕಿ ತಿನ್ನಲ್ಲ. ಇದು ನನಗೆ ತಿಳಿದಿದ್ದು ಆಮೇಲೆ.

ಬಿಟ್ಟ ಮಾರನೇ ದಿನ ಮಂಗಳವಾರ. ಅಪ್ಪಂದು ಹೊಂಡದ ಸರ್ಕಲ್ ಹತ್ರ ಕಟಿಂಗ್ ಶಾಪ್, ಮಂಗಳವಾರ ರಜೆ. ಅಪ್ಪ ಕಾಫಿ ಲೋಟ ಹಿಡ್ಕೊಂಡು ಟ್ಯಾಂಕ್ ಮುಂದೆ ನಿಂತ್ರು. ಈ ಕ್ಲಿಪ್ ನೋಡ್ರಿ, ಆಗ್ಲೇ ತೆಗೆದಿದ್ದು. ಮೀನು ಬಾಲದ ಭಾಗ ಮೇಲೆ ಕೆಳಗೆ ಆಡಿಸ್ತಾ, ಅಲೆ ಅಲೆಯಾಗಿ ಕುಣೀತಿದೆ.

"ಯಾಕಲೇ ಹಿಂಗೆ ಕುಣೀತದೆ?"

ಗಿರಾಕಿ ಕರೆಯೋದಪ್ಪ, ಅಂದೆ. ರಾತ್ರಿ ಕೂತು ಓದಿದ್ದನ್ನೆಲ್ಲ ಹೇಳಿದೆ. ಸಮುದ್ರದಲ್ಲಿ ಇದು ಒಂದು ಕಲ್ಲಿನ ಹತ್ರ ಠಿಕಾಣಿ ಹೂಡುತ್ತೆ. ಸುತ್ತಮುತ್ತಲಿನ ಮೀನೆಲ್ಲ ಅಲ್ಲಿಗೆ ಬಂದು, ರೆಕ್ಕೆ ಅಗಲಿಸಿ, ಬಾಯಿ ತೆರೆದು, ಅಲ್ಲಾಡದೆ ನಿಲ್ತವೆ. ಕೆಲವು ತಲೆಕೆಳಗಾಗಿ ನಿಲ್ತವೆ. ಇದು ಮೈಯೆಲ್ಲ ಹುಡುಕಿ, ಕಿವಿರಿನೊಳಗೆ ಹೊಕ್ಕು, ರಕ್ತ ಹೀರೋ ಹುಳ ಹೆಕ್ಕುತ್ತೆ. ನ್ಯಾಥಿಡ್ ಅಂತಾರೆ ಆ ಹುಳಕ್ಕೆ, ಸಿಗಡಿಯ ದೂರದ ನೆಂಟ, ನಮ್ಮ ಎಮ್ಮೆ ಮೈಮೇಲಿನ ಉಣ್ಣೆ ಇದ್ದಂಗೆ. ದೊಡ್ಡ ದೊಡ್ಡ ಬೇಟೆ ಮೀನಿನ ಬಾಯೊಳಗೂ ಇದು ಹೊಕ್ಕು ಹೊರಗೆ ಬರುತ್ತೆ. ಅವು ಬಾಯಿ ಮುಚ್ಚಲ್ಲ.

ಅಪ್ಪ ನಕ್ಕರು. "ಗಂಟಲ ಮೇಲೆ ಕತ್ತಿ ಇಟ್ಟಾಗ ನಮ್ಮ ಗಿರಾಕಿನೂ ಅಲ್ಲಾಡಲ್ಲ."

ಅಲ್ಲಿಂದ ಶುರುವಾಯ್ತು ನೋಡ್ರಿ. ನಾನು ಒಂದು ಸಂಶೋಧನೆ ಹೇಳೋದು, ಅಪ್ಪ ಅದಕ್ಕೆ ಅಂಗಡಿಯಿಂದ ಒಂದು ಸಾಕ್ಷಿ ಕೊಡೋದು.

ರೆಡೊವಾನ್ ಬ್ಶಾರಿ ಅನ್ನೋ ವಿಜ್ಞಾನಿ ಈ ಮೀನಿನ ವ್ಯಾಪಾರವನ್ನೇ ವರ್ಷಾನುಗಟ್ಟಲೆ ನೋಡಿದಾರೆ. ದೂರ ದೂರ ಓಡಾಡೋ ಮೀನಿಗೆ ನಾಲ್ಕು ಠಿಕಾಣಿ ಗೊತ್ತಿರುತ್ತೆ, ಇಲ್ಲಿ ಕಾಯಿಸಿದ್ರೆ ಅಲ್ಲಿಗೆ ಹೋಗುತ್ತೆ. ಅಲ್ಲೇ ಹತ್ತಿರದಲ್ಲಿ ಬದುಕೋ ಮೀನಿಗೆ ಬೇರೆ ದಾರಿ ಇಲ್ಲ. ಇಬ್ಬರೂ ಒಟ್ಟಿಗೆ ಬಂದ್ರೆ ಕ್ಲೀನರ್ ಮೊದಲು ನೋಡೋದು ದೂರದವನನ್ನ. ಇದನ್ನ ಹೇಳ್ತಿದ್ದಂಗೆ ಅಪ್ಪ ಸುಮ್ಮನಾದ್ರು, ನಂಗೆ ನಗು ತಡೆಯೋಕಾಗಲಿಲ್ಲ. ಬಸ್ ಸ್ಟ್ಯಾಂಡ್ ಕಡೆಯಿಂದ ಗುರುತಿಲ್ಲದವರು ಬಂದ್ರೆ ಅಪ್ಪ ತಕ್ಷಣ ಕುರ್ಚಿ ಒರೆಸ್ತಾರೆ. ಮೂವತ್ತು ವರ್ಷದಿಂದ ಬರೋ ಪಕ್ಕದ ಬೀದಿಯವರಿಗೆ "ಐದ್ ನಿಮಿಷ, ಪೇಪರ್ ಓದ್ತಿರಿ" ಅಂತಾರೆ. ಆ ಐದು ನಿಮಿಷದಲ್ಲಿ ಎರಡು ಪ್ಲೇಟ್ ಮಂಡಕ್ಕಿ ಮೆಣಸಿನಕಾಯಿ ಖಾಲಿಯಾಗಿರುತ್ತೆ.

ಈ ಮೀನು ಸಾಚಾ ಅಂತ ತಿಳ್ಕೋಬೇಡಿ. ಇದಕ್ಕೆ ಹುಳಕ್ಕಿಂತ ರುಚಿ ಗಿರಾಕಿಯ ಮೈಮೇಲಿನ ಲೋಳೆ. ಅವಕಾಶ ಸಿಕ್ರೆ ಅದನ್ನೇ ಒಂದು ಚೂರು ಕಚ್ಚಿಬಿಡುತ್ತೆ. ಗಿರಾಕಿ ಗಕ್ಕನೆ ಬೆಚ್ಚುತ್ತೆ, ಅಟ್ಟಿಸ್ಕೊಂಡು ಹೋಗುತ್ತೆ, ಇಲ್ಲಾ ಎದ್ದು ಬೇರೆ ಕಡೆ ಹೋಗುತ್ತೆ. ಮಜಾ ಏನಂದ್ರೆ ಬೇರೆ ಗಿರಾಕಿ ನೋಡ್ತಿದ್ರೆ ಕಚ್ಚೋದು ಕಡಿಮೆ. ಗಂಡು ಹೆಣ್ಣು ಜೋಡಿಯಾಗಿ ಕೆಲಸ ಮಾಡುವಾಗ ಹೆಣ್ಣು ಕಚ್ಚಿದ್ರೆ ಗಂಡು ಅದನ್ನ ಅಟ್ಟಾಡಿಸುತ್ತೆ, ಆಮೇಲೆ ಹೆಣ್ಣು ನೆಟ್ಟಗಿರುತ್ತೆ. ಇದು 2010ರಲ್ಲಿ ಪ್ರಕಟವಾದ ಸಂಶೋಧನೆ. ಗಂಡೇನೋ ದೊಡ್ಡ ಧರ್ಮರಾಯ ಅಂತಲ್ಲ, ಗಿರಾಕಿ ಎದ್ದು ಹೋದ್ರೆ ಅದರ ಊಟವೂ ಹೋಯ್ತಲ್ಲ!

ಸಿಟ್ಟಾದ ಗಿರಾಕಿಯನ್ನ ಸಮಾಧಾನ ಮಾಡೋದು ಹೆಂಗೆ? ಬೆನ್ನ ಮೇಲೆ ತನ್ನ ಹೊಟ್ಟೆಯ ರೆಕ್ಕೆಗಳನ್ನ ಆಡಿಸಿ ತಿಕ್ಕುತ್ತೆ. ಇದನ್ನ ಕೇಳಿ ಅಪ್ಪ ಲೋಟ ಕೆಳಗಿಟ್ರು. "ಮಸಾಜ್!" ಅಂದ್ರು. ಹೌದಪ್ಪ, ಮಸಾಜೇ. ಹಂಗೆ ತಿಕ್ಕಿಸ್ಕೊಂಡ ಮೀನಿನ ಒತ್ತಡದ ಹಾರ್ಮೋನು ಇಳಿಯುತ್ತೆ ಅನ್ನೋದನ್ನೂ ಪರೀಕ್ಷೆ ಮಾಡಿದಾರೆ. ಅದಕ್ಕೆ ನಿಜವಾದ ಮೀನೂ ಬೇಕಾಗಿಲ್ಲ, ಅಲ್ಲಾಡೋ ಗೊಂಬೆ ಮೀನು ತಾಗಿಸಿದ್ರೂ ಸಾಕಾಯ್ತಂತೆ.

ಖೋಟಾ ಅಂಗಡಿನೂ ಇದೆ. ಆಸ್ಪಿಡಾಂಟಸ್ ಅನ್ನೋ ಇನ್ನೊಂದು ಮೀನು ಇದೇ ಗೆರೆ, ಇದೇ ಬಣ್ಣ, ಇದೇ ಕುಣಿತ ಕಲಿತಿದೆ. ಗಿರಾಕಿ ನಂಬಿ ಹತ್ರ ಬಂದ್ರೆ ರೆಕ್ಕೆಯ ಚೂರು ಕಿತ್ತು ಓಡುತ್ತೆ. ಗುರುತು ಹಿಡಿಯೋಕೆ ಬಾಯಿ ನೋಡಬೇಕು. ನಿಜವಾದ ಕ್ಲೀನರ್‌ದು ಮೂತಿ ತುದಿಯಲ್ಲಿ, ಖೋಟಾದ್ದು ಮೂತಿ ಕೆಳಗೆ.

ಈಗ ಕನ್ನಡಿ ವಿಷಯ. 2019ರಲ್ಲಿ ಜಪಾನಿನ ಒಸಾಕಾದ ಮಸನೋರಿ ಕೋಡಾ ಮತ್ತು ಜೊತೆಗಾರರು ಈ ಮೀನಿನ ಮುಂದೆ ಕನ್ನಡಿ ಇಟ್ಟು ನೋಡಿದ ಪ್ರಯೋಗ ಪ್ರಕಟಿಸಿದ್ರು. ಮೊದಮೊದಲು ಯಾರೋ ಬೇರೆ ಮೀನು ಅಂತ ಹಾಯ್ದು ಜಗಳ ಮಾಡ್ತು. ಆಮೇಲೆ ಕನ್ನಡಿ ಮುಂದೆ ವಿಚಿತ್ರವಾಗಿ ತಲೆಕೆಳಗಾಗಿ ಈಜ್ತು. ಕೊನೆಗೆ ಜಗಳ ಬಿಡ್ತು. ಆಗ ಅದರ ಗಂಟಲ ಚರ್ಮದ ಕೆಳಗೆ ಒಂದು ಕಂದು ಚುಕ್ಕೆ ಹಾಕಿದ್ರು, ಥೇಟ್ ಹುಳದ ತರ. ಕನ್ನಡಿ ಇಲ್ಲದೆ ಅದು ಕಾಣಲ್ಲ. ಮೀನು ಕನ್ನಡಿಯಲ್ಲಿ ನೋಡ್ತು, ತಳಕ್ಕೆ ಹೋಗಿ ಮರಳಿಗೆ ಗಂಟಲು ಉಜ್ಜಿತು. ಬಣ್ಣ ಇಲ್ಲದ ಗುರುತು ಹಾಕಿದ್ರೆ ಉಜ್ಜಲಿಲ್ಲ. ಇದನ್ನ ತನ್ನ ಅರಿವು ಅನ್ನಬಹುದಾ ಅಂತ ದೊಡ್ಡವರು ಇನ್ನೂ ಕಿತ್ತಾಡ್ತಿದಾರೆ. ನನ್ನ ಪ್ರಕಾರ, ಊರವರ ಮೈಮೇಲಿನ ಚುಕ್ಕೆ ಹುಡುಕೋದೇ ಕಸುಬಾಗಿರೋ ಪ್ರಾಣಿಗೆ ತನ್ನ ಚುಕ್ಕೆ ಕಂಡಿದ್ರಲ್ಲಿ ಅಷ್ಟೇನು ಆಶ್ಚರ್ಯ ಇಲ್ಲ.

ಗಂಡು ಸತ್ರೆ ಏನಾಗುತ್ತೆ ಅನ್ನೋದನ್ನ ಚುಟುಕಾಗಿ ಹೇಳ್ತೀನಿ. ಒಂದು ಗಂಡು, ಅದರ ಕೈಕೆಳಗೆ ನಾಲ್ಕೈದು ಹೆಣ್ಣು. ಗಂಡು ಹೋದ್ರೆ ಹೆಣ್ಣುಗಳಲ್ಲಿ ದೊಡ್ಡದು ಎರಡು ಗಂಟೆಯೊಳಗೆ ಯಜಮಾನಿಕೆ ಶುರು ಮಾಡುತ್ತೆ, ಎರಡು ಎರಡೂವರೆ ವಾರದಲ್ಲಿ ಪೂರ್ತಿ ಗಂಡಾಗುತ್ತೆ. ರಾಬರ್ಟ್‌ಸನ್ ಅನ್ನೋರು 1972ರಲ್ಲೇ ಬರೆದಿದಾರೆ. ಅಪ್ಪ ಇದಕ್ಕೆ ಏನೂ ಹೇಳಲಿಲ್ಲ. ಅಮ್ಮ ಅಡುಗೆಮನೆಯಿಂದ "ಎರಡು ಗಂಟೆ ಯಾಕೆ ಬೇಕಾಯ್ತೋ" ಅಂದ್ರು.

ಆಮೇಲೆ ಅಪ್ಪ ಟ್ಯಾಂಕಿಗೆ ಇನ್ನೂ ಹತ್ರ ಬಗ್ಗಿದ್ರು. ಆಚೆ ಈಚೆ ನೋಡಿದ್ರು. ಕೇಳಿದ್ರು:

"ಲೇ ತಮ್ಮಾ, ಎಲ್ಲಾ ಸರಿ. ಇದಕ್ಕೆ ಗಿರಾಕಿ ಎಲ್ಲಿ ಅದಾವೋ?"

ನನ್ನ ಹತ್ರ ಉತ್ತರ ಇರಲಿಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಲೆಕ್ಸಾಂಡ್ರಾ ಗ್ರಟರ್ ಅನ್ನೋ ವಿಜ್ಞಾನಿ ಎಣಿಸಿದ ಲೆಕ್ಕ ನನ್ನ ಮೊಬೈಲಲ್ಲೇ ತೆರೆದಿತ್ತು. ಒಂದು ಕ್ಲೀನರ್ ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸಲ ಗಿರಾಕಿ ನೋಡುತ್ತೆ, 1,200ರಷ್ಟು ಹುಳ ತಿನ್ನುತ್ತೆ. ನನ್ನ ಟ್ಯಾಂಕಲ್ಲಿ ಗಿರಾಕಿ ನಾಲ್ಕು, ಹುಳ ಸೊನ್ನೆ.

ಮೊದಲನೇ ವಾರ ಡ್ಯಾಮ್ಸೆಲ್ ಎರಡು ಮೂರು ಸಲ ರೆಕ್ಕೆ ಬಿಚ್ಚಿ ನಿಂತಿತು. ಹುಳ ಇಲ್ಲದ ಮೇಲೆ ಇದು ಲೋಳೆ ಕಚ್ಚದೆ ಏನು ಮಾಡೀತು? ಎರಡನೇ ವಾರದಿಂದ ಇದು ಕುಣೀತಾ ಬಂದ್ರೆ ಡ್ಯಾಮ್ಸೆಲ್ ಕಲ್ಲಿನ ಹಿಂದೆ. ಜೋಕರ್‌ಗಳು ತಿರುಗಿ ಬಿದ್ದವು. ಗೋಬಿ ಬಿಲದಿಂದ ಹೊರಗೇ ಬರಲಿಲ್ಲ.

ನಾನು ಮಾಡದ ಪ್ರಯತ್ನ ಇಲ್ಲ. ಸಿಗಡಿ ಅರೆದು ಕಲ್ಲಿಗೆ ಮೆತ್ತಿದೆ, ಮೀನಿನ ತತ್ತಿ ಹಾಕಿದೆ, ಫ್ರೀಜ್ ಮಾಡಿದ ಮೈಸಿಸ್ ಅನ್ನೋ ಸಿಗಡಿಯಂಥ ಪುಟ್ಟ ಜೀವಿ ತರಿಸಿದೆ. ಒಂದೆರಡು ಸಲ ಬಾಯಿಗೆ ಹಾಕ್ಕೊಂಡು ಉಗುಳಿತು. ಕೆಲವರ ಟ್ಯಾಂಕಲ್ಲಿ ಕೈತಿಂಡಿಗೆ ಒಗ್ಗಿಕೊಳ್ಳುತ್ತೆ, ದೊಡ್ಡ ಟ್ಯಾಂಕು, ತುಂಬಾ ಮೀನು ಇದ್ರೆ. ನನ್ನ ಹತ್ರ ಒಗ್ಗಲಿಲ್ಲ.

ಈ ಕ್ಲಿಪ್ ಹಾಕಬೇಕೋ ಬೇಡವೋ ಅಂತ ಯೋಚಿಸಿದೆ. ಜೂಮ್ ಮಾಡ್ತೀನಿ. ಹೊಟ್ಟೆ ಹತ್ರ ನೋಡ್ರಿ, ಒಳಗೆ ಚಮಚದಲ್ಲಿ ಕೆರೆದಂಗೆ ಗುಳಿ ಬಿದ್ದಿದೆ. ತಲೆ ಮೈಗಿಂತ ದೊಡ್ಡದು ಕಾಣ್ತಿದೆ. ಆದ್ರೂ ಗಾಜಿನ ಆಚೆ ನನ್ನ ಬೆರಳು ಕಂಡ್ರೆ ಸಾಕು, ಬಂದು ಕುಣಿಯೋದು. ನನ್ನ ಬೆರಳಿಗೆ ಕುಣೀತು, ಅಪ್ಪನ ಕನ್ನಡಕಕ್ಕೆ ಕುಣೀತು. ಇಪ್ಪತ್ತಾರನೇ ದಿನ ಬೆಳಿಗ್ಗೆ ಫಿಲ್ಟರ್ ಬಾಯಿಗೆ ಅಂಟ್ಕೊಂಡಿತ್ತು. ದಾಸವಾಳದ ಬುಡಕ್ಕೆ ಹಾಕಿದೆ.

ಅಂಗಡಿ ಹುಡುಗನ ಮೇಲೆ ಸಿಟ್ಟು ಬಂದಿದ್ದು ನಿಜ. ಆದ್ರೆ ಓದದೆ ದುಡ್ಡು ಕೊಟ್ಟವನು ನಾನು. ಇನ್ನೊಂದು ವಿಷಯ ತಲೇಲಿ ಕೊರೀತಾ ಇದೆ. ಅಲ್ಲೇ ಆಸ್ಟ್ರೇಲಿಯಾದಲ್ಲಿ ಕೆಲವು ಸಣ್ಣ ದಿಬ್ಬಗಳಿಂದ ಈ ಮೀನನ್ನ ಎಂಟೂವರೆ ವರ್ಷ ತೆಗೆದು ತೆಗೆದು ದೂರ ಇಟ್ಟು ನೋಡಿದಾರೆ. ಆ ದಿಬ್ಬಗಳಲ್ಲೇ ವಾಸ ಮಾಡೋ ಮೀನುಗಳ ಸಂಖ್ಯೆ ಶೇ. 37 ಕಡಿಮೆ, ಜಾತಿಗಳು ಶೇ. 23 ಕಡಿಮೆ. ಅಂದ್ರೆ ನನ್ನ ಟ್ಯಾಂಕಿಗೆ ಇದು ಬಂದಾಗ, ಇದು ಕೂತಿದ್ದ ಯಾವುದೋ ಕಲ್ಲಿನ ಹತ್ರ ಬೆಳಿಗ್ಗೆ ಗಿರಾಕಿಗಳು ಬಂದು ಬಾಯಿ ತೆರ್ಕೊಂಡು ನಿಂತಿದ್ದಿರಬೇಕು.

ಯಾರಾದ್ರೂ ಟ್ಯಾಂಕ್ ಇಡ್ತಿದ್ರೆ, ಈ ಮೀನು ಬೇಡ ರೀ. ಕ್ಲೀನರ್ ಸಿಗಡಿ ಸಿಗುತ್ತೆ, ಕೆಂಪು ಬೆನ್ನು, ನಡುವೆ ಬಿಳಿ ಪಟ್ಟಿ, ಉದ್ದ ಬಿಳಿ ಮೀಸೆ. ಅದೂ ಮೈ ತಡವುತ್ತೆ, ಆದ್ರೆ ಗಿರಾಕಿ ಬರದಿದ್ರೂ ಹಾಕಿದ ಕಾಳು ತಿಂದು ಬದುಕುತ್ತೆ. ಬಿಳಿ ಚುಕ್ಕೆಗೆ ಬೇರೆ ತೊಟ್ಟಿಯಲ್ಲಿಟ್ಟು ಔಷಧಿ ಮಾಡ್ಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಇದು ಹೋದ ಮಂಗಳವಾರದ ಕ್ಲಿಪ್. ಸಿಗಡಿ ಬಂದು ಹತ್ತು ದಿನ. ಡ್ಯಾಮ್ಸೆಲ್ ಬಂದು ನಿಂತಿದೆ ನೋಡ್ರಿ, ಸಿಗಡಿ ಹತ್ತಿ ಕಿವಿರು ಕೆದಕ್ತಿದೆ. ಗಾಜಿನಲ್ಲಿ ಕಾಣ್ತಿರೋ ನೆರಳು ಅಪ್ಪಂದು, ಕಾಫಿ ಲೋಟ ಹಿಡ್ಕೊಂಡು. ಡ್ಯಾಮ್ಸೆಲ್ ಒಂದು ಸಲ ಗಕ್ಕನೆ ಬೆಚ್ಚುತ್ತೆ, ಈಗ... ಹಾಂ, ಅಲ್ಲಿ. ಅಪ್ಪನ ದನಿ ಸಣ್ಣಗೆ ಕೇಳುತ್ತೆ, ವಾಲ್ಯೂಮ್ ಜಾಸ್ತಿ ಮಾಡಿದೀನಿ:

"ಕೈ ಒಸಿ ಬಿರುಸು ಇವಂದು. ಅವನಂಗಲ್ಲ."