ಜ್ವರ ಬಂದವನಿಗೆ ಮೊದಲು ರಜೆ ಕೊಡಿ

ಮಳೆಗಾಲ ಬಂತು ಅಂದ್ರೆ ಹಾಸ್ಟೆಲ್ ಕಾರಿಡಾರ್ ತುಂಬ ಕೆಮ್ಮು. ನಮ್ಮಲ್ಲಿ ಫ್ಲೂ ಜೋರಾಗೋದು ಈಗ, ಆಮೇಲೆ ಮತ್ತೆ ಜನವರಿಯಿಂದ ಮಾರ್ಚ್‌ವರೆಗೆ. ಕಾಲೇಜಿನಲ್ಲಿ ಅದನ್ನು ಹರಡುವುದರಲ್ಲಿ ಅಟೆಂಡೆನ್ಸ್‌ಗೂ ದೊಡ್ಡ ಪಾಲಿದೆ ಅನ್ನೋದು ನನ್ನ ವಾದ.

ಹಿಂದಿನ ಬೆಂಚಲ್ಲಿ ಸ್ವೆಟರ್ ಹಾಕಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಕೂತಿರುತ್ತಾನಲ್ಲ, ಅವನನ್ನು ನೋಡಿ. ಶಾರ್ಟೇಜ್ ಆದೀತು ಅಂತ ಒಂದು ಡೋಲೋ ನುಂಗಿ ಬಂದಿದ್ದಾನೆ. ಮಾತ್ರೆ ಜ್ವರ ಇಳಿಸುತ್ತೆ ಅಷ್ಟೇ, ಸೋಂಕು ಹರಡೋದು ನಿಲ್ಲಲ್ಲ. ಜ್ವರ ಕಾಣಿಸೋ ಹಿಂದಿನ ದಿನದಿಂದಲೇ ಫ್ಲೂ ಅಂಟುತ್ತೆ, ಮೊದಲ 3-4 ದಿನ ತುಂಬಾ ಜಾಸ್ತಿ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ ಮಾತ್ರ ಕ್ಲಾಸಿಗೆ ಬರಬೇಕು.

ನೆಗಡಿನೋ ಫ್ಲೂನೋ? ನೆಗಡಿ ಮೆಲ್ಲಗೆ ಏರುತ್ತೆ. ಫ್ಲೂ ಬಂದರೆ ಬೆಳಿಗ್ಗೆ ಕ್ರಿಕೆಟ್ ಆಡಿದವನು ಸಂಜೆ ಮಂಚ ಬಿಟ್ಟು ಏಳಲ್ಲ. ಚಳಿಜ್ವರ, ಒಣಕೆಮ್ಮು, ಮೈಯೆಲ್ಲಾ ನೋವು. ಇದೇ ಹೊತ್ತಿಗೆ ಡೆಂಗಿನೂ ಇರುತ್ತೆ. ಅದರಲ್ಲೂ ಜ್ವರ, ಮೈಕೈ ನೋವು ಇದ್ದೇ ಇರುತ್ತೆ, ಕೆಮ್ಮು ಕಡಿಮೆ. ಹಾಗಾಗಿ ರಕ್ತಪರೀಕ್ಷೆ ಆಗೋವರೆಗೆ ಬ್ರೂಫೆನ್ ಥರದ ನೋವಿನ ಮಾತ್ರೆ ಬೇಡ. ಮೆಡಿಕಲ್ ಶಾಪಿನವನು ಕೊಡೋ ಆ್ಯಂಟಿಬಯಾಟಿಕ್ಕೂ ಬೇಡ, ಅದಕ್ಕೆ ವೈರಸ್ ಜಗ್ಗಲ್ಲ.

ಉಸಿರಾಡೋಕೆ ಕಷ್ಟ, ಎದೆನೋವು, ಏನೇನೋ ಬಡಬಡಿಸೋದು, ಇಳಿದ ಜ್ವರ ಮತ್ತೆ ಜೋರಾಗಿ ಬರೋದು: ಇವುಗಳಲ್ಲಿ ಒಂದಿದ್ದರೂ ರಾತ್ರಿ ಎಷ್ಟು ಗಂಟೆಯಾಗಿದ್ದರೂ ಆಸ್ಪತ್ರೆಗೆ ಹೋಗಿ. ಆಸ್ತಮಾ, ಶುಗರ್ ಇರುವವರು ಮೊದಲ ದಿನವೇ ಡಾಕ್ಟರನ್ನು ನೋಡಬೇಕು. ಫ್ಲೂ ಔಷಧ ಒಸೆಲ್ಟಾಮಿವಿರ್ 48 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತೆ. ವರ್ಷಕ್ಕೊಂದು ಲಸಿಕೆನೂ ಇದೆ, ನಮ್ಮ ಹುಡುಗರಲ್ಲಿ ಅದರ ಸುದ್ದಿನೇ ಇಲ್ಲ.

ಉಳಿದದ್ದು ಗೊತ್ತಿರೋದೇ. ಸೋಪು ಹಾಕಿ ಕೈ ತೊಳೀರಿ, ರೂಮಿನ ಕಿಟಕಿ ತೆಗೀರಿ, ಒಂದೇ ಬಾಟಲಿಗೆ ನಾಲ್ಕು ಜನ ಬಾಯಿ ಹಾಕಬೇಡಿ.

ಆದರೆ ಮೂರು ಜನರ ರೂಮಲ್ಲಿ ಜ್ವರ ಬಂದವನು ಎಲ್ಲಿ ಹೋಗಬೇಕು, ಹೇಳಿ? ಪ್ರಿನ್ಸಿಪಾಲರೇ, ಖಾಲಿ ಇರೋ ಒಂದು ಗೆಸ್ಟ್ ರೂಮ್ ಬಿಟ್ಟುಕೊಡಿ. ಮೆಸ್ಸಿನಿಂದ ಗಂಜಿ ಅಲ್ಲಿಗೇ ಹೋಗಲಿ. ಮೊದಲ ಮೂರು ದಿನಕ್ಕೆ ಮೆಡಿಕಲ್ ಸರ್ಟಿಫಿಕೇಟ್ ಕೇಳಬೇಡಿ. ಆ ಕಾಗದಕ್ಕೋಸ್ಕರ ಅವನು ಬಸ್ ಹತ್ತಿ, ಕ್ಲಿನಿಕ್ ಕ್ಯೂನಲ್ಲಿ ಒಂದು ಗಂಟೆ ಕೆಮ್ಮಿಕೊಂಡು ನಿಲ್ಲಬೇಕಾಗುತ್ತೆ. ಸುಳ್ಳು ಹೇಳಿ ರಜೆ ಹಾಕೋರು ಇರ್ತಾರೆ, ಇರಲಿ ಬಿಡಿ. ಅವರು ಸರ್ಟಿಫಿಕೇಟನ್ನೂ ಹೇಗೋ ತರ್ತಾರೆ.